ಎಸಿ ಹಾಕಿ ನಿಂತರೆ ಐಡಲ್ ಬೀಳುತ್ತದೆ, ಗಾಡಿ ನಡುಗುತ್ತದೆ: ಎಲ್ಲಿಂದ ಹುಡುಕಲಿ?

ನಿಧಾನಗತಿ

ಎಲ್ಲರಿಗೂ ನಮಸ್ಕಾರ. ನನ್ನದು ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. ಎಸಿ ಇಲ್ಲದಿದ್ದರೆ ಐಡಲ್ (ಪೆಡಲ್ ಒತ್ತದೆ ನಿಂತಾಗಿನ ಎಂಜಿನ್ ವೇಗ) 750 ಆರ್‌ಪಿಎಂ, ಅಂದರೆ ನಿಮಿಷಕ್ಕೆ 750 ಸುತ್ತಿನ ಹತ್ತಿರ ಅಲ್ಲಾಡದೆ ನಿಲ್ಲುತ್ತದೆ. ಎಸಿ ಹಾಕಿ ಟ್ರಾಫಿಕ್‌ನಲ್ಲಿ ನಿಂತರೆ ಕಥೆಯೇ ಬೇರೆ. ಎಸಿಯ ಕಂಪ್ರೆಸರ್ ಟಕ್ ಅಂತ ಹಿಡಿದ ಕೂಡಲೇ ಆರ್‌ಪಿಎಂ ಮುಳ್ಳು 500ರ ಹತ್ತಿರಕ್ಕೆ ಇಳಿಯುತ್ತದೆ. ಸ್ಟೇರಿಂಗ್, ಸೀಟು, ಕನ್ನಡಿ ಎಲ್ಲ ನಡುಗುತ್ತವೆ. ಆಮೇಲೆ 900ಕ್ಕೆ ಹಾರಿ, ನಿಧಾನಕ್ಕೆ 800ಕ್ಕೆ ಬಂದು ಕೂರುತ್ತದೆ. ಕಂಪ್ರೆಸರ್ ಬಿಟ್ಟು ಮತ್ತೆ ಹಿಡಿದಾಗ ಇದೇ ಆಟ ಮತ್ತೆ ಶುರು.

ಸಿಗ್ನಲ್ ಹತ್ತಿರ ಕ್ಲಚ್ ಒತ್ತಿ ನಿಲ್ಲಿಸುವಾಗ ಎಂಜಿನ್ ಆಫ್ ಆಗಿದ್ದೂ ಉಂಟು. ಎಂಜಿನ್ ಲೈಟ್ ಮಾತ್ರ ಹತ್ತಿಲ್ಲ. ಓಡುವಾಗ ಏನೂ ತೊಂದರೆ ಇಲ್ಲ. ಸರ್ವಿಸ್‌ನಲ್ಲಿ ಕೇಳಿದರೆ "ಎಸಿ ಹಾಕಿದರೆ ಲೋಡ್ ಬೀಳುತ್ತದೆ ಸರ್, ಎಲ್ಲ ಗಾಡಿಯಲ್ಲೂ ಹಾಗೇ" ಅಂದರು. ನಿಜವಾ? ಎಷ್ಟು ಇಳಿದರೆ ಸರಿ, ಎಷ್ಟು ಇಳಿದರೆ ತಪ್ಪು?

ನಾಲ್ಕನೇ ಗೇರ್

ಮೂರು ಸಿಲಿಂಡರ್ ಅಂದ ಮೇಲೆ ನಡುಕ ಜೊತೆಗೇ ಬರುತ್ತದೆ. ನನ್ನದೂ ಅದೇ. ಸಣ್ಣ ಎಂಜಿನ್, ದೊಡ್ಡ ಎಸಿ. ತಲೆ ಕೆಡಿಸಿಕೊಳ್ಳಬೇಡಿ, ಸಿಗ್ನಲ್‌ನಲ್ಲಿ ಎಸಿ ಆಫ್ ಮಾಡಿ ಬಿಡಿ.

ಫ್ಯೂಸ್‌ಬಾಕ್ಸ್

ಮೂರು ಸಿಲಿಂಡರ್ ನಡುಗುತ್ತದೆ ಅನ್ನುವುದು ಸರಿ. ಆದರೆ ಅದು ಇಲ್ಲಿಯ ಪ್ರಶ್ನೆಗೆ ಉತ್ತರ ಅಲ್ಲ.

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಪ್ರತಿ ಸಿಲಿಂಡರ್ ಒಂದು ಸಲ ಉರಿಯುತ್ತದೆ. ಮೂರು ಸಿಲಿಂಡರ್ ಇದ್ದರೆ ಒಂದು ಸುತ್ತಿಗೆ ಒಂದೂವರೆ ಹೊಡೆತ. 750 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 19 ಹೊಡೆತ. ನಾಲ್ಕು ಸಿಲಿಂಡರಿನಲ್ಲಿ ಅದೇ ವೇಗಕ್ಕೆ 25. ಮೂರು ಸಿಲಿಂಡರ್ 500ಕ್ಕೆ ಇಳಿದರೆ 12 ಅಥವಾ 13 ಮಾತ್ರ. ಹೊಡೆತಗಳ ನಡುವಿನ ಸಂದು ಜಾಸ್ತಿ ಆದಷ್ಟೂ ಮೈಗೆ ಗೊತ್ತಾಗುತ್ತದೆ. ಅಂದರೆ ನಡುಕಕ್ಕೆ ಮೂರು ಸಿಲಿಂಡರ್ ಕಾರಣ ಇರಬಹುದು, ಮುಳ್ಳು 500ಕ್ಕೆ ಬೀಳುವುದಕ್ಕೆ ಅಲ್ಲ. ಅದು ಬೀಳಬಾರದು. ಒಂದು ಕ್ಷಣ 50 ಅಥವಾ 80 ಇಳಿದು ಎದ್ದು ನಿಂತರೆ ಮಾಮೂಲಿ. ಗಾಡಿ ಆಫ್ ಆಗುವುದು ಯಾವ ಲೆಕ್ಕದಲ್ಲೂ ಮಾಮೂಲಿ ಅಲ್ಲ.

ಹಳೇ ಕಾರ್ಬ್ಯುರೇಟರ್

ಐಡಲ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, 950ಕ್ಕೆ ಇಡಿ. ಕೆಲಸ ಮುಗಿಯಿತು. ನಾವು ಹಾಗೇ ಗಾಡಿ ಓಡಿಸಿದವರು.

ಸ್ಪ್ಯಾನರ್ ಸೀನ

ಅಣ್ಣಾ, ನಿಮ್ಮ ಕಾಲದ ಗಾಡಿಗೆ ಅದು ಸರಿ. ಇದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಇರುವ ಗಾಡಿ. ಈಗಿನ ಥ್ರಾಟಲ್ ಬಾಡಿಯಲ್ಲಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ಒಂದು ತಟ್ಟೆಯಿಂದ ಹಿಡಿತದಲ್ಲಿಡುವ ಭಾಗ) ಒಂದು ಸ್ಟಾಪ್ ಸ್ಕ್ರೂ ಇರುತ್ತದೆ, ಅದನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಐಡಲ್ ಏರಿಸುವುದಕ್ಕೆ ಇಟ್ಟಿದ್ದಲ್ಲ ಅದು. ಅದನ್ನು ತಿರುಗಿಸಿದರೆ ಥ್ರಾಟಲ್ ಮುಚ್ಚಿದೆಯೋ ಇಲ್ಲವೋ ಅನ್ನುವುದೇ ಇಸಿಯುಗೆ ಗೊಂದಲ ಆಗುತ್ತದೆ. ಯಾರೂ ಮುಟ್ಟಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಕಂಪ್ರೆಸರ್ ಎಂಜಿನ್ ಬೆಲ್ಟಿನಿಂದ ತಿರುಗುತ್ತದೆ. ಪುಲ್ಲಿ ಯಾವಾಗಲೂ ಸುತ್ತುತ್ತಿರುತ್ತದೆ. ಮುಂದೆ ಒಂದು ಅಯಸ್ಕಾಂತದ ಕ್ಲಚ್ ಇರುತ್ತದೆ. ಅದಕ್ಕೆ ಕರೆಂಟ್ ಬಂದಾಗ ಮುಂದಿನ ತಟ್ಟೆ ಪುಲ್ಲಿಗೆ ಅಂಟಿಕೊಂಡು ಕಂಪ್ರೆಸರ್ ತಿರುಗುತ್ತದೆ. ನೀವು ಕೇಳುವ ಟಕ್ ಸದ್ದು ಅದೇ. ಸಣ್ಣ ಗಾಡಿಯ ಕಂಪ್ರೆಸರ್ ಐಡಲ್‌ನಲ್ಲಿ ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 750 ಆರ್‌ಪಿಎಂಗೆ ಲೆಕ್ಕ ಹಾಕಿದರೆ ಕ್ರ್ಯಾಂಕ್ (ಎಂಜಿನ್‌ನ ತಿರುಗುವ ಮುಖ್ಯ ದಂಡ) ಮೇಲೆ ಸುಮಾರು 19 ನ್ಯೂಟನ್ ಮೀಟರ್ ತಿರುಗುಬಲದ ಹೊರೆ ಬೀಳುತ್ತದೆ. ಐಡಲ್‌ನಲ್ಲಿ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವಷ್ಟು ಮಾತ್ರ ಉರಿಯುತ್ತಿರುತ್ತದೆ. ಅದರ ಮೇಲೆ ಈ 19 ಒಮ್ಮೆಗೇ ಬಿದ್ದರೆ ತಡೆಯುವುದು ಕಷ್ಟ. ಅದೇ ಒಂದೂವರೆ ಕಿಲೋವ್ಯಾಟ್ 3000ದಲ್ಲಿ 5 ನ್ಯೂಟನ್ ಮೀಟರ್ ಕೂಡ ಇಲ್ಲ. ಓಡುವಾಗ ಕಂಪ್ರೆಸರ್ ಇನ್ನೂ ಜಾಸ್ತಿ ಎಳೆದರೂ ಎಂಜಿನ್ ಹತ್ತಿರ ಬೇಕಾದಷ್ಟು ಶಕ್ತಿ ಇರುತ್ತದೆ. ಅದಕ್ಕೇ ನಿಮಗೆ ಓಡುವಾಗ ಏನೂ ಗೊತ್ತಾಗುವುದಿಲ್ಲ.

ಹಾಗಾದರೆ ಒಳ್ಳೆಯ ಗಾಡಿಯಲ್ಲಿ ಯಾಕೆ ಬೀಳುವುದಿಲ್ಲ? ನೀವು ಎಸಿ ಬಟನ್ ಒತ್ತಿದಾಗ ಕರೆಂಟ್ ನೇರವಾಗಿ ಕ್ಲಚ್‌ಗೆ ಹೋಗುವುದಿಲ್ಲ. ಮೊದಲು ಇಸಿಯುಗೆ ಸುದ್ದಿ ಹೋಗುತ್ತದೆ. ತಲೆ ಮೇಲೆ ಮೂಟೆ ಇಡುವ ಮೊದಲು "ಹುಷಾರಪ್ಪ, ಇಡುತ್ತಿದ್ದೇನೆ" ಅಂತ ಹೇಳುವ ಹಾಗೆ. ಇಸಿಯು ಗಾಳಿಯ ದಾರಿಯನ್ನು ಸ್ವಲ್ಪ ತೆರೆಯುತ್ತದೆ, ಪೆಟ್ರೋಲ್ ಹೆಚ್ಚಿಸುತ್ತದೆ, ಆಮೇಲೆ ಕ್ಲಚ್ ರಿಲೇ ಹಾಕುತ್ತದೆ. ಇದೆಲ್ಲ ಸೆಕೆಂಡಿನೊಳಗೆ ಮುಗಿಯುತ್ತದೆ. ಗಾಳಿ ಬರುವುದು ಒಂದು ಚೂರು ತಡ ಆದರೂ ಇಗ್ನಿಷನ್ ಟೈಮಿಂಗ್ ಬದಲಿಸಿ, ಅಂದರೆ ಕಿಡಿಯನ್ನು ಸ್ವಲ್ಪ ಮೊದಲೇ ಹೊಡೆಸಿ, ತಕ್ಷಣಕ್ಕೆ ಬಲ ತರುತ್ತದೆ. ಹಾಗೆ ಮೊದಲೇ ಹೊಡೆಸಲು ಜಾಗ ಇರಲಿ ಅಂತಲೇ ಐಡಲ್‌ನಲ್ಲಿ ಕಿಡಿಯನ್ನು ಸ್ವಲ್ಪ ತಡವಾಗಿ ಇಟ್ಟಿರುತ್ತದೆ.

ಈಗ ನಿಮ್ಮ ಗಾಡಿಯಲ್ಲಿ ಎರಡರಲ್ಲಿ ಒಂದು ಆಗಿದೆ. ಎಂಜಿನ್‌ಗೆ ಮೂಟೆ ಎತ್ತುವ ತಾಕತ್ತು ಕಡಿಮೆ ಆಗಿದೆ, ಇಲ್ಲವೇ ಮೂಟೆಯೇ ಇರಬೇಕಾದ್ದಕ್ಕಿಂತ ಭಾರ ಆಗಿದೆ. ಎಲ್ಲರೂ ಮೊದಲನೆಯದನ್ನೇ ಹುಡುಕುತ್ತಾರೆ. ಥ್ರಾಟಲ್ ತೊಳೆಯುತ್ತಾರೆ, ಪ್ಲಗ್ ಹಾಕುತ್ತಾರೆ, ಕಾಯಿಲ್ ಹಾಕುತ್ತಾರೆ, ಸೆನ್ಸರ್ ಹಾಕುತ್ತಾರೆ. ಎರಡನೆಯದರ ಕಡೆ ಯಾರೂ ನೋಡುವುದಿಲ್ಲ.

ಅದಕ್ಕೆ ಕೇಳುತ್ತೇನೆ. ಬೆಳಿಗ್ಗೆ ಮೊದಲ ಸಲ ಎಸಿ ಹಾಕಿದಾಗಲೂ 500ಕ್ಕೆ ಬೀಳುತ್ತದಾ? ಇಲ್ಲ, ಟ್ರಾಫಿಕ್‌ನಲ್ಲಿ ನಿಂತು ಸ್ವಲ್ಪ ಹೊತ್ತಾದ ಮೇಲೆ ಮಾತ್ರವಾ? ಇನ್ನೊಂದು, ನಿಂತಾಗ ತಂಪು ಕಡಿಮೆ ಆಗುತ್ತದಾ?

ನಾಲ್ಕನೇ ಗೇರ್

ಥ್ರಾಟಲ್ ಬಾಡಿ ತೊಳೆಸಿ ನೋಡುವುದರಲ್ಲಿ ನಷ್ಟ ಏನಿದೆ? ಹತ್ತರಲ್ಲಿ ಎಂಟು ಗಾಡಿಯಲ್ಲಿ ಅದೇ ಇರುತ್ತದೆ.

ಫ್ಯೂಸ್‌ಬಾಕ್ಸ್

ಹತ್ತರಲ್ಲಿ ಎಂಟು ಅನ್ನುವುದನ್ನು ನಾನು ಒಪ್ಪುವುದಿಲ್ಲ, ಆದರೆ ಅದು ಸಾಮಾನ್ಯ ಕಾರಣ ಹೌದು. ಐಡಲ್‌ನಲ್ಲಿ ಗಾಳಿ ಹೋಗುವುದು ಥ್ರಾಟಲ್ ತಟ್ಟೆಯ ಅಂಚಿನಲ್ಲಿರುವ ಕೂದಲೆಳೆಯಷ್ಟು ಸಂದಿಯಲ್ಲಿ. ಎಣ್ಣೆ ಹಬೆ, ಮಸಿ ಅಲ್ಲೇ ಕೂರುತ್ತದೆ. ಸಂದಿ ಮುಚ್ಚುತ್ತಾ ಬಂದಂತೆ ಇಸಿಯು ತಟ್ಟೆಯನ್ನು ಸ್ವಲ್ಪ ಸ್ವಲ್ಪ ಜಾಸ್ತಿ ತೆರೆದು ಸರಿದೂಗಿಸುತ್ತದೆ, ಅದನ್ನು ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಎಸಿ ಇಲ್ಲದಾಗ ಎಲ್ಲ ಸರಿ ಕಾಣುತ್ತದೆ. ಎಸಿ ಬಿದ್ದಾಗ ಲೆಕ್ಕ ಹಾಕಿ ತೆರೆದಷ್ಟು ಗಾಳಿ ಒಳಗೆ ಬರುವುದಿಲ್ಲ. ಮುಳ್ಳು ಬೀಳುತ್ತದೆ.

ತೊಳೆದ ಮೇಲೆ ಇನ್ನೊಂದು ತಲೆನೋವು. ಹಳೆಯ ನೆನಪು ಹಾಗೇ ಇರುವುದರಿಂದ ಗಾಳಿ ಜಾಸ್ತಿ ಬಂದು ಐಡಲ್ 1100, 1200ಕ್ಕೆ ಹೋಗಿ ಕೂರುತ್ತದೆ. ಆಗ ಐಡಲ್ ರೀಲರ್ನ್ ಮಾಡಬೇಕು, ಅಂದರೆ ಇಸಿಯುಗೆ ಐಡಲ್ ಹೊಸದಾಗಿ ಕಲಿಸಬೇಕು. ಕೆಲವು ಗಾಡಿ ಓಡಿಸುತ್ತಾ ತಾನೇ ಕಲಿಯುತ್ತದೆ, ಕೆಲವಕ್ಕೆ ಸ್ಕ್ಯಾನರ್ ಬೇಕು. ಮತ್ತೆ, ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಇಗ್ನಿಷನ್ ಆನ್ ಇಟ್ಟು ತಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ. ಒಳಗೆ ಸಣ್ಣ ಗೇರ್‌ಗಳಿರುತ್ತವೆ.

ಆದರೂ ಸೀನ ಕೇಳಿದ್ದಕ್ಕೆ ಮೊದಲು ಉತ್ತರ ಬರಲಿ. ಮಸಿ ಕಾರಣ ಆದರೆ ಬೆಳಿಗ್ಗೆಯೂ ಬೀಳಬೇಕು, ಸಂಜೆಯೂ ಬೀಳಬೇಕು.

ಗಾಳಿಪಟ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಆಟೋಮ್ಯಾಟಿಕ್. ಡಿಯಲ್ಲಿ (ಡ್ರೈವ್) ಬ್ರೇಕ್ ಹಿಡಿದು ನಿಂತಾಗ ಎಸಿ ಇದ್ದರೆ ಇಡೀ ಗಾಡಿ ಗಡಗಡ ಅನ್ನುತ್ತದೆ. ಎನ್‌ಗೆ (ನ್ಯೂಟ್ರಲ್) ಹಾಕಿದರೆ ಅರ್ಧಕ್ಕರ್ಧ ಕಡಿಮೆ. ಆದರೆ ಮುಳ್ಳು ಕದಲುವುದೇ ಇಲ್ಲ, 700ರಲ್ಲೇ ಇರುತ್ತದೆ. ಇದೂ ಅದೇ ಕಾಯಿಲೆನಾ?

ಸ್ಪ್ಯಾನರ್ ಸೀನ

ಅಲ್ಲ ಮೇಡಂ. ಮುಳ್ಳು ನಿಂತಿದೆ ಅಂದರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ. ಎಂಜಿನ್ ಮೌಂಟಿಂಗ್ (ಎಂಜಿನ್ ಅನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಆಸರೆ) ನೋಡಿಸಿ. ಡಿಯಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಎಣ್ಣೆಯ ಜೋಡಣೆ) ಒಂದು ಕಡೆಯಿಂದ ಎಳೆಯುತ್ತದೆ, ಕಂಪ್ರೆಸರ್ ಇನ್ನೊಂದು ಕಡೆಯಿಂದ. ಎಂಜಿನ್ ಜಾಸ್ತಿ ಒದೆಯುತ್ತದೆ. ಮೌಂಟಿಂಗ್ ಚೆನ್ನಾಗಿದ್ದರೆ ಆ ಒದೆತ ಒಳಗೆ ಬರುವುದಿಲ್ಲ. ರಬ್ಬರ್ ಬಿರುಕು ಬಿಟ್ಟಿದ್ದರೆ, ಎಣ್ಣೆ ತುಂಬಿದ ಮೌಂಟಿಂಗ್ ಸೋರಿದ್ದರೆ ನೇರ ಬಾಡಿಗೆ ಬರುತ್ತದೆ. ಒಂದು ಸುಲಭದ ಪರೀಕ್ಷೆ: ಎನ್‌ನಲ್ಲಿಟ್ಟು, ಎಸಿ ಹಾಕಿ, ಪೆಡಲ್ ಚೂರೇ ಚೂರು ಒತ್ತಿ 900 ಮಾಡಿ. ನಡುಕ ಪೂರ್ತಿ ಮಾಯ ಆದರೆ ಅನುಮಾನ ಮೌಂಟಿಂಗ್ ಮೇಲೆ ಗಟ್ಟಿ ಆಗುತ್ತದೆ. ಪ್ಲಗ್, ಕಾಯಿಲ್ ಹಾಳಾಗಿ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ 900ರಲ್ಲೂ ಲಯ ತಪ್ಪಿದ ಒದೆತ ಉಳಿಯುತ್ತದೆ.

ಡೀಸೆಲ್ ದಾರಿ

ಎಸಿ ಹಾಕಿದಾಗ ಆರ್‌ಪಿಎಂ ಏರಲೇಬೇಕು, ಅಲ್ವಾ? ನನ್ನ ಹಳೆಯ ಪೆಟ್ರೋಲ್ ಗಾಡಿಯಲ್ಲಿ ಏರುತ್ತಿತ್ತು. ಈಗಿನ ಡೀಸೆಲ್‌ನಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಏನಾದರೂ ಕೆಟ್ಟಿದೆಯಾ?

ಫ್ಯೂಸ್‌ಬಾಕ್ಸ್

ಕೆಟ್ಟಿಲ್ಲ. ಏರಲೇಬೇಕು ಅಂತ ನಿಯಮ ಇಲ್ಲ. ಕೆಲವರು 50, 100 ಏರಿಸುತ್ತಾರೆ, ಕೆಲವರು ಅದೇ ವೇಗದಲ್ಲಿ ಹಿಡಿದಿಡುತ್ತಾರೆ. ಡೀಸೆಲ್‌ನಲ್ಲಿ ಗಾಳಿ ಬರುವವರೆಗೆ ಕಾಯಬೇಕಾಗಿಲ್ಲ. ಗಾಳಿ ಹೇಗೂ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. ಇಂಜೆಕ್ಟರ್ ಮುಂದಿನ ಹೊಡೆತಕ್ಕೇ ಹೆಚ್ಚು ಡೀಸೆಲ್ ಹಾಕಿದರೆ ಸಾಕು. ಅದಕ್ಕೇ ಡೀಸೆಲ್ ಅಲ್ಲಾಡುವುದಿಲ್ಲ.

ಇನ್ನೊಂದು ಕಾರಣವೂ ಇರಬಹುದು. ನಿಮ್ಮದು ವೇರಿಯಬಲ್ ಕಂಪ್ರೆಸರ್ ಆಗಿದ್ದರೆ ಒಳಗಿನ ಓರೆ ತಟ್ಟೆ ತನ್ನ ಕೋನ ಬದಲಾಯಿಸಿ, ಎಷ್ಟು ತಂಪು ಬೇಕೋ ಅಷ್ಟೇ ಗ್ಯಾಸ್ ತಳ್ಳುತ್ತದೆ. ಹಿಡಿದು ಬಿಡುವ ಆಟವೇ ಇಲ್ಲ. ಕೆಲವದರಲ್ಲಿ ಕ್ಲಚ್ ಕೂಡ ಇರುವುದಿಲ್ಲ. ಹೈಬ್ರಿಡ್‌ಗಳಲ್ಲಂತೂ ಬೆಲ್ಟೇ ಇಲ್ಲದ ಕರೆಂಟ್ ಕಂಪ್ರೆಸರ್ ಬಂದಿದೆ. ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್‌ನಲ್ಲೇ ಅದು ಇತ್ತು. ಎಂಜಿನ್ ಆಫ್ ಇದ್ದರೂ ಎಸಿ ನಡೆಯುತ್ತದೆ.

ಹಳೇ ಕಾರ್ಬ್ಯುರೇಟರ್

ಕ್ಲಚ್ ಇಲ್ಲದ ಕಂಪ್ರೆಸರ್ ಹೊಸದೇನಲ್ಲ. 1940ರ ಮಾಡೆಲಿನ ಅಮೆರಿಕದ ಪ್ಯಾಕರ್ಡ್ ಕಾರಿಗೆ ಕಂಪನಿಯವರೇ ಎಸಿ ಕೊಟ್ಟಿದ್ದರು. ಅದರಲ್ಲೂ ಕ್ಲಚ್ ಇರಲಿಲ್ಲ. ತಂಪು ಬೇಡ ಅಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು. ಈಗ ಮುಳ್ಳು ಸ್ವಲ್ಪ ಅಲ್ಲಾಡಿದರೆ ಇಷ್ಟು ಗಲಾಟೆ!

ನಮ್ಮ ಕಾರ್ಬ್ಯುರೇಟರ್ ಗಾಡಿಗಳಲ್ಲೂ ಸುಮ್ನೆ ಬಿಟ್ಟಿರಲಿಲ್ಲ. ಎಸಿ ಹಾಕಿದಾಗ ವ್ಯಾಕ್ಯೂಮ್‌ನಿಂದ ಒಂದು ಡಯಾಫ್ರಾಮ್ ಎಳೆದು ಥ್ರಾಟಲ್ ಕಡ್ಡಿಯನ್ನು ಚೂರು ಎತ್ತುತ್ತಿತ್ತು. ಆ ರಬ್ಬರ್ ಪೈಪ್ ಒಡೆದರೆ ನಿಧಾನಗತಿ ಹೇಳಿದ ಕಥೆಯೇ. ಹಾಗಾಗಿ ವ್ಯಾಕ್ಯೂಮ್ ಪೈಪ್ ನೋಡಿಸಿ ಅಂತ ನನ್ನ ಸಲಹೆ. ಈಗಿನ ಗಾಡಿಯಲ್ಲೂ ಪೈಪ್ ಒಡೆಯುತ್ತದೆ ತಾನೇ.

ನಿಧಾನಗತಿ

ಇಷ್ಟೊಂದು ಉತ್ತರ ಬಂದಿದೆ, ಎಲ್ಲರಿಗೂ ಥ್ಯಾಂಕ್ಸ್. ಸೀನಣ್ಣ, ನೀವು ಕೇಳಿದ ಮೇಲೆ ಗಮನ ಕೊಟ್ಟು ನೋಡಿದೆ.

ಬೆಳಿಗ್ಗೆ ಎಂಜಿನ್ ಬಿಸಿಯಾದ ಮೇಲೆ ಮೊದಲ ಸಲ ಎಸಿ ಹಾಕಿದರೆ 680ಕ್ಕೆ ಇಳಿದು ಎದ್ದು ನಿಲ್ಲುತ್ತದೆ. ಅಷ್ಟೇ. ನಿಂತಲ್ಲೇ ಬಿಟ್ಟರೆ ಪ್ರತಿ ಸಲ ಹಿಡಿದಾಗಲೂ ಇನ್ನಷ್ಟು ಕೆಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ 540, 520. ತಂಪೂ ಕಡಿಮೆ ಆಗುತ್ತದೆ. ಒಳಗಿನ ಗಾಳಿ ಬಿಸಿ ಅಂತಲ್ಲ, ಆದರೆ ಓಡುವಾಗಿನ ತಂಪು ಇರುವುದಿಲ್ಲ. ಇದನ್ನು ನಾನು ಬಿಸಿಲು ಅಂದುಕೊಂಡು ಬಿಟ್ಟಿದ್ದೆ.

ಇನ್ನೊಂದು ವಿಷಯ. ಆಗಾಗ ಮುಂದಿನಿಂದ ಜೋರಾಗಿ "ಬುಸ್" ಅಂತ ಗಾಳಿ ಸದ್ದು ಬರುತ್ತದೆ. ಆ ಕ್ಷಣಕ್ಕೆ ಹೆಡ್‌ಲೈಟ್ ಒಂದು ಚೂರು ಮಂಕಾಗುತ್ತದೆ, ಮುಳ್ಳೂ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತದೆ.

ಇಸಿಯು ಅಂಕಿಗಳನ್ನು ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಒಂದಿದೆ, ಫೋನಿಗೆ ಜೋಡಿಸುವುದು. ಏನು ನೋಡಲಿ?

ಸ್ಪ್ಯಾನರ್ ಸೀನ

ಬುಸ್ ಅನ್ನುವುದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೆ! ಅದೇ ಮುಖ್ಯ. ಸ್ಕ್ಯಾನರ್‌ನಲ್ಲಿ ಕೂಲಂಟ್ (ಎಂಜಿನ್ ತಣಿಸುವ ನೀರು) ಬಿಸಿ, ಇನ್‌ಟೇಕ್ ಮ್ಯಾನಿಫೋಲ್ಡ್ (ಥ್ರಾಟಲ್ ದಾಟಿದ ಗಾಳಿಯ ಕೊಳವೆ) ಒತ್ತಡ, ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು), ಬ್ಯಾಟರಿ ವೋಲ್ಟೇಜ್ ನೋಡಿ. ಎಸಿ ಆಫ್ ಇದ್ದಾಗ ಒಂದು ಸಲ, ಎಸಿ ಹಾಕಿದ ಕೂಡಲೇ ಒಂದು ಸಲ, ತುಂಬ ಹೊತ್ತು ನಿಂತ ಮೇಲೆ ಒಂದು ಸಲ.

ಜೊತೆಗೆ ಬಾನೆಟ್ ಎತ್ತಿ, ಎಸಿ ಹಾಕಿಸಿ, ರೇಡಿಯೇಟರ್ ಫ್ಯಾನ್ ನೋಡಿ. ಕೈ ದೂರ ಇರಲಿ. ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ. ಶಾಲು, ಸಡಿಲ ತೋಳು ಬೆಲ್ಟ್ ಹತ್ತಿರ ಬೇಡ.

ನಿಧಾನಗತಿ

ನೋಡಿದೆ. ಎಸಿ ಇಲ್ಲದಾಗ ಮ್ಯಾನಿಫೋಲ್ಡ್ ಒತ್ತಡ 34 ಕಿಲೋಪಾಸ್ಕಲ್. ಎಸಿ ಹಾಕಿದ ಕೂಡಲೇ 41. ತುಂಬ ಹೊತ್ತು ನಿಂತ ಮೇಲೆ 52ರವರೆಗೂ ಹೋಯಿತು. ಫ್ಯೂಯಲ್ ಟ್ರಿಮ್, ಶಾರ್ಟ್ ಮತ್ತು ಲಾಂಗ್ ಎರಡೂ ಸೇರಿ, 3 ಶೇಕಡಾ ಆಚೆ ಈಚೆ. ಕೂಲಂಟ್ ನಿಂತಲ್ಲೇ ಏರುತ್ತಾ 103 ಡಿಗ್ರಿ ಆಯಿತು, ಆಗ ಫ್ಯಾನ್ ಬುಸ್ ಅಂತ ಶುರುವಾಯಿತು, 96ಕ್ಕೆ ಬಂದಾಗ ನಿಂತಿತು. ಆ ಹೊತ್ತಿಗೆ ವೋಲ್ಟೇಜ್ 14.1ರಿಂದ 13.2ಕ್ಕೆ ಇಳಿಯಿತು. ಬರೀ ಎಸಿ ಹಾಕಿದಾಗ ಫ್ಯಾನ್ ತಿರುಗುವುದೇ ಇಲ್ಲ. ಕಂಪ್ರೆಸರ್ ಹಿಡಿದಿದೆ, ಫ್ಯಾನ್ ಸುಮ್ಮನೆ ನಿಂತಿದೆ. ಹಾಗೇ ಇರಬೇಕಾ?

ಸ್ಪ್ಯಾನರ್ ಸೀನ

ಇರಬಾರದು. ಸಿಕ್ಕಿತು ನೋಡಿ.

ಎಸಿಯ ಗ್ಯಾಸ್ ಗಾಡಿಯೊಳಗಿನ ಬಿಸಿಯನ್ನು ಹೊತ್ತು ತಂದು ಮುಂದಿನ ಕಂಡೆನ್ಸರ್‌ನಲ್ಲಿ (ರೇಡಿಯೇಟರ್ ಥರದ್ದು) ಬಿಡಬೇಕು. ಓಡುವಾಗ ಎದುರು ಗಾಳಿಯೇ ಆ ಕೆಲಸ ಮಾಡುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ಎರಡು ಸ್ಪೀಡಿನ ಫ್ಯಾನ್ ಇರುವ ಗಾಡಿಗಳಲ್ಲಿ ಎಸಿ ಕಂಪ್ರೆಸರ್ ಹಿಡಿದಾಗ ಕಡಿಮೆ ಸ್ಪೀಡ್ ಶುರುವಾಗಬೇಕು. ನಿಮ್ಮಲ್ಲಿ ಅದು ಸತ್ತಿದೆ. ಎಂಜಿನ್ ಕಾದು 103 ಆದಾಗ ಬರುವ ಜೋರು ಸ್ಪೀಡ್ ಮಾತ್ರ ಬದುಕಿದೆ. ಆ ನಡುವೆ ಕಂಡೆನ್ಸರ್‌ಗೆ ಗಾಳಿ ಇಲ್ಲ. ಗ್ಯಾಸ್ ತಣಿಯುವುದಿಲ್ಲ, ಹೈ ಸೈಡ್ (ಕಂಪ್ರೆಸರ್ ಗ್ಯಾಸ್ ತಳ್ಳುವ ಕಡೆ) ಒತ್ತಡ ಏರುತ್ತದೆ. ಆರ್134ಎ ಗ್ಯಾಸಿನ ಎಸಿ ಚೆನ್ನಾಗಿದ್ದರೆ ಬಿಸಿಲಲ್ಲಿ, ಐಡಲ್‌ನಲ್ಲಿ ಹೈ ಸೈಡ್ 14ರಿಂದ 18 ಬಾರ್ ಇರುತ್ತದೆ. ಗಾಳಿ ಇಲ್ಲದಿದ್ದರೆ 25 ದಾಟುತ್ತದೆ. 30ರ ಆಸುಪಾಸಿನಲ್ಲಿ ಪ್ರೆಷರ್ ಸ್ವಿಚ್ ಕಂಪ್ರೆಸರ್ ಕಟ್ ಮಾಡುತ್ತದೆ. ಅಷ್ಟು ಒತ್ತಡಕ್ಕೆ ಎದುರಾಗಿ ಕಂಪ್ರೆಸರ್ ತಿರುಗಿಸಬೇಕು. ಮೂಟೆ ಭಾರ ಆಗಿದ್ದು ಹೀಗೆ.

ನಿಮ್ಮ 41, 52 ಅದನ್ನೇ ಹೇಳುತ್ತಿವೆ. ಅದೇ ಎಂಜಿನ್, ಅದೇ ಎಸಿ, ಅದೇ ಐಡಲ್. ಆದರೂ ಎಂಜಿನ್ ಇನ್ನೂ ಜಾಸ್ತಿ ಗಾಳಿ ಕುಡಿಯಬೇಕಾಗಿ ಬಂದಿದೆ. ಇಸಿಯು ಲೆಕ್ಕ ಹಾಕಿಟ್ಟ ಲೋಡ್ ಬೇರೆ, ಬಂದು ಬೀಳುವ ಲೋಡ್ ಬೇರೆ. ಅದಕ್ಕೆ ಮೊದಲು 500ಕ್ಕೆ ಕುಸಿತ, ಆಮೇಲೆ ಗಾಬರಿಯಲ್ಲಿ 900ಕ್ಕೆ ನೆಗೆತ.

ಕಾರ್ಬ್ಯುರೇಟರ್ ಅಣ್ಣ ಹೇಳಿದ ವ್ಯಾಕ್ಯೂಮ್ ಲೀಕ್ ಇರುವ ಹಾಗೆ ಕಾಣುವುದಿಲ್ಲ. ಲೀಕ್ ಇದ್ದಿದ್ದರೆ ಎಷ್ಟೋ ಗಾಡಿಗಳಲ್ಲಿ ಫ್ಯೂಯಲ್ ಟ್ರಿಮ್ ಐಡಲ್‌ನಲ್ಲಿ ಪ್ಲಸ್ ಕಡೆಗೆ ಚೆನ್ನಾಗಿ ಏರಿ, ಆರ್‌ಪಿಎಂ ಏರಿಸಿದಾಗ ಇಳಿಯುತ್ತಿತ್ತು.

ಖಾತ್ರಿ ಬೇಕಾದರೆ ಒಂದು ಕೆಲಸ ಮಾಡಿ. ತುಂಬ ಹೊತ್ತು ನಿಂತು ಐಡಲ್ ಹಾಳಾದಾಗ ಮುಂದಿನ ಜಾಲರಿಯಿಂದ ಕಂಡೆನ್ಸರ್ ಮೇಲೆ ಸ್ಪ್ರೇ ಬಾಟಲಿಯಲ್ಲಿ ಸಾದಾ ನೀರು ಚಿಮುಕಿಸಿ. ಜೋರು ಪೈಪ್ ಬೇಡ, ಆಲ್ಟರ್ನೇಟರ್ ಕಡೆ ಬೇಡ. ಒತ್ತಡ ಇಳಿದು ಐಡಲ್ ಸುಧಾರಿಸಿದರೆ ಇನ್ನು ಅನುಮಾನ ಬೇಡ.

ನಾಲ್ಕನೇ ಗೇರ್

ಆದರೆ ಗ್ಯಾಸ್ ಕಡಿಮೆ ಇದ್ದರೂ ತಂಪು ಕಡಿಮೆ ಆಗುತ್ತದಲ್ಲ? ಮೊದಲು ಗ್ಯಾಸ್ ಟಾಪ್‌ಅಪ್ ಮಾಡಿಸಿದರೆ?

ಫ್ಯೂಸ್‌ಬಾಕ್ಸ್

ದಯವಿಟ್ಟು ಬೇಡ. ಗ್ಯಾಸ್ ಕಡಿಮೆ ಇದ್ದರೆ ಕಂಪ್ರೆಸರ್ ಹಗುರ ಆಗುತ್ತದೆ, ಭಾರ ಆಗುವುದಿಲ್ಲ. ಲೋ ಸೈಡ್ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆ) ಒತ್ತಡ ಬೇಗ ಇಳಿದು, ಕಂಪ್ರೆಸರ್ ಪಟಪಟ ಅಂತ ಹಿಡಿದು ಬಿಡುತ್ತದೆ. ಇವರದ್ದು ಓಡುವಾಗ ಚೆನ್ನಾಗಿ ತಣಿಯುತ್ತದೆ, ನಿಂತಾಗ ಭಾರ ಆಗುತ್ತದೆ. ಅದರ ಮೇಲೆ ಇನ್ನಷ್ಟು ಗ್ಯಾಸ್ ತುಂಬಿಸಿದರೆ ಒತ್ತಡ ಮತ್ತೂ ಏರುತ್ತದೆ. ಆಗ ಸಿಗ್ನಲ್‌ನಲ್ಲಿ ಆಫ್ ಆಗುವುದು ಗ್ಯಾರಂಟಿ.

ಗ್ಯಾಸ್ ಅಳೆಯುವುದು ತೂಕದಲ್ಲಿ. ಬಾನೆಟ್ ಕೆಳಗೆ ಅಥವಾ ಎಸಿ ಪೈಪ್ ಹತ್ತಿರ ಇಷ್ಟು ಗ್ರಾಂ ಅಂತ ಸ್ಟಿಕ್ಕರ್ ಇರುತ್ತದೆ. ಗೇಜ್ ನೋಡಿ ಅಂದಾಜಿನಲ್ಲಿ ತುಂಬುವವರ ಹತ್ತಿರ ಹೋಗಬೇಡಿ. ಫ್ಯಾನ್ ಸರಿ ಇಲ್ಲದ ಗಾಡಿಯ ಗೇಜ್ ಹೇಗಿದ್ದರೂ ಸುಳ್ಳು ಹೇಳುತ್ತದೆ.

ಮತ್ತೆ ಯಾರೂ ಮನೆಯಲ್ಲಿ ಎಸಿ ಪೈಪ್ ಬಿಚ್ಚಬೇಡಿ. ಆರ್134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಕೈ ಮೇಲೆ, ಕಣ್ಣಿಗೆ ಬಿದ್ದರೆ ಚರ್ಮ ಹೆಪ್ಪುಗಟ್ಟುತ್ತದೆ.

ಲೈಟ್ ಮಂಕಾಗುವುದಕ್ಕೂ ಕಾರಣ ಇದೇ. ಜೋರು ಸ್ಪೀಡ್ ಫ್ಯಾನ್ ಶುರುವಾಗುವಾಗ ತುಂಬಾ ಕರೆಂಟ್ ಎಳೆಯುತ್ತದೆ. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ತಾಕತ್ತು ಕೊಡುವುದಿಲ್ಲ. ಅದು ಇದ್ದಷ್ಟು ಬಲ ಹಾಕಿ ಎಳೆಯುವಾಗ ಎಂಜಿನ್ ಮೇಲೆ ಇನ್ನೊಂದು ಲೋಡ್. ಕಂಪ್ರೆಸರ್ ಅತಿ ಭಾರ ಆಗಿರುವ ಹೊತ್ತಿಗೇ ಇದೂ ಬಂದು ಬೀಳುತ್ತದೆ. ಎಂಜಿನ್ ಆಫ್ ಆಗಿದ್ದು ಬಹುಶಃ ಆ ಗಳಿಗೆಯಲ್ಲೇ.

ನಿಧಾನಗತಿ

ನೀರು ಚಿಮುಕಿಸಿದೆ. ನಂಬಿ, ಕಣ್ಣೆದುರೇ ಮ್ಯಾನಿಫೋಲ್ಡ್ ಒತ್ತಡ 50ರಿಂದ 42ಕ್ಕೆ ಇಳಿಯಿತು. ಮುಳ್ಳು ನೆಟ್ಟಗೆ ನಿಂತಿತು. ನೀರು ಆರಿದ ಮೇಲೆ ಮತ್ತೆ ಅದೇ ಕಥೆ.

ಈಗ ಫ್ಯಾನ್‌ನಲ್ಲಿ ಏನು ಹಾಳಾಗಿರಬಹುದು? ಮೋಟರ್ ತಿರುಗುತ್ತದಲ್ಲ.

ಫ್ಯೂಸ್‌ಬಾಕ್ಸ್

ಮೋಟರ್ ತಿರುಗುತ್ತದೆ, ಜೋರು ಸ್ಪೀಡ್ ಬರುತ್ತದೆ ಅಂದರೆ ಮೊದಲ ಅನುಮಾನ ಫ್ಯಾನ್ ರೆಸಿಸ್ಟರ್ ಮೇಲೆ. ಕಡಿಮೆ ಸ್ಪೀಡಿಗೆ ಕರೆಂಟ್ ಅದರ ಮೂಲಕ ಹೋಗುತ್ತದೆ. ಫ್ಯಾನ್ ಚೌಕಟ್ಟಿನ ಮೇಲೇ ಎಲ್ಲಾದರೂ ಕೂರಿಸಿರುತ್ತಾರೆ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ನೋಡಿ. ಒಂದು ಓಮ್‌ಗಿಂತ ಕಡಿಮೆ ಇದ್ದರೆ ಜೀವ ಇದೆ, ಪೂರ್ತಿ ಓಪನ್ (ಕರೆಂಟಿನ ದಾರಿ ತುಂಡು) ತೋರಿಸಿದರೆ ಸುಟ್ಟಿದೆ. ಅದಕ್ಕೂ ಮೊದಲು ಕಡಿಮೆ ಸ್ಪೀಡಿನ ರಿಲೇ ಅದಲು ಬದಲು ಮಾಡಿ ನೋಡಬಹುದು. ಪಕ್ಕದಲ್ಲೇ ಅದೇ ನಂಬರಿನ ರಿಲೇ ಇರುತ್ತದೆ. ಕನೆಕ್ಟರ್ ಕರಗಿ ಕಪ್ಪಾಗಿದೆಯಾ ಅಂತಲೂ ನೋಡಿ.

ಗಾಳಿಪಟ

ನನ್ನ ಗಾಡಿಯ ಸುದ್ದಿ: 900ರಲ್ಲಿ ನಡುಕ ಮಾಯ. ಬಲಗಡೆಯ ಮೌಂಟಿಂಗ್‌ನಿಂದ ಎಣ್ಣೆ ಇಳಿದು ಕಪ್ಪು ಗೆರೆ ಆಗಿದೆ ಅಂತ ಮೆಕ್ಯಾನಿಕ್ ತೋರಿಸಿದರು. ಹೊಸದು ತರಿಸುತ್ತಿದ್ದಾರೆ. ಥ್ಯಾಂಕ್ಸ್ ಸೀನಣ್ಣ. ಈ ಚರ್ಚೆ ನೋಡದಿದ್ದರೆ ಇಂಜೆಕ್ಟರ್ ತೊಳೆಸುವುದಕ್ಕೆ ಒಪ್ಪಿಕೊಂಡು ಬಿಡುತ್ತಿದ್ದೆ.

ನಿಧಾನಗತಿ

ರೆಸಿಸ್ಟರ್ ಓಪನ್. ಹೊಸದು ಹಾಕಿದೆವು. ಈಗ ಎಸಿ ಹಾಕಿದ ಕೂಡಲೇ ಫ್ಯಾನ್ ಮೆಲ್ಲಗೆ ತಿರುಗುತ್ತದೆ. ಎಷ್ಟು ಹೊತ್ತು ನಿಂತರೂ ಒತ್ತಡ 41, 42 ದಾಟುವುದಿಲ್ಲ. ಕೂಲಂಟ್ 95ರ ಆಸುಪಾಸಿನಲ್ಲೇ ಇದೆ. ಬುಸ್ ಸದ್ದು ಬಂದೇ ಇಲ್ಲ. ಒಳಗೂ ತಂಪಾಗಿದೆ.

ಕಂಪ್ರೆಸರ್ ಹಿಡಿದಾಗ ಮುಳ್ಳು 680ಕ್ಕೆ ಇಳಿಯುವುದು ಮಾತ್ರ ಉಳಿದಿದೆ. ಅದೂ ಒಂದು ಕ್ಷಣ. ಇದನ್ನೂ ಹುಡುಕಬೇಕಾ, ಬಿಡಬೇಕಾ?

ನಾಲ್ಕನೇ ಗೇರ್

ಈಗಲಾದರೂ ಥ್ರಾಟಲ್ ಬಾಡಿ ತೊಳೆಸಿ ಸ್ವಾಮಿ :)

ಸ್ಪ್ಯಾನರ್ ಸೀನ

ಈಗ ತೊಳೆಸಬಹುದು, ನಾನೂ ಬೇಡ ಅನ್ನುವುದಿಲ್ಲ. ಮಸಿ ಇದ್ದರೆ 680 ಇನ್ನೂ ಸ್ವಲ್ಪ ಮೇಲೆ ಬರುತ್ತದೆ. ಇಲ್ಲದಿದ್ದರೆ ಅದು ನಿಮ್ಮ ಗಾಡಿಯ ಸ್ವಭಾವ, ಬಿಟ್ಟುಬಿಡಿ. ತೊಳೆಸಿದರೆ ರೀಲರ್ನ್ ಮಾಡಿಸಿಯೇ ಗಾಡಿ ತೆಗೆದುಕೊಳ್ಳಿ.

ಆದರೆ ಅದಕ್ಕಿಂತ ಮುಂಚೆ ಒಂದು ಕೆಲಸ ಇದೆ. ರೆಸಿಸ್ಟರ್ ಸುಮ್ಸುಮ್ನೆ ಸುಡುವುದು ಕಡಿಮೆ. ಫ್ಯಾನ್ ಮೋಟರಿನ ಬುಶ್ ಸವೆದು ಬಿಗಿಯಾಗಿದ್ದರೆ ಜಾಸ್ತಿ ಕರೆಂಟ್ ಎಳೆಯುತ್ತದೆ, ರೆಸಿಸ್ಟರ್ ಕಾಯುತ್ತದೆ. ಹಾಗಿದ್ದರೆ ಹೊಸದೂ ಸುಡುತ್ತದೆ. ಬ್ಯಾಟರಿ ವೈರ್ ಬಿಚ್ಚಿ, ಎಂಜಿನ್ ತಣ್ಣಗಿರುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಸರಾಗವಾಗಿ ಸುತ್ತಬೇಕು. ಕೆರೆದ ಹಾಗೆ, ಸಿಕ್ಕಿಕೊಂಡ ಹಾಗೆ ಅನ್ನಿಸಬಾರದು. ರೆಕ್ಕೆಯನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಸಡಿಲ ಇರಬಾರದು. ಬ್ಯಾಟರಿ ಬಿಚ್ಚಿದರೆ ಐಡಲ್ ನೆನಪೂ ಅಳಿಸಿ ಹೋಗಬಹುದು, ಹಾಗಾಗಿ ಥ್ರಾಟಲ್ ತೊಳೆಸುವ ದಿನವೇ ಇದನ್ನೂ ಮಾಡಿಸಿ.

ನಿಧಾನಗತಿ

ಸರಿ ಅಣ್ಣ. ಮೆಕ್ಯಾನಿಕ್ ಹತ್ತಿರ ಡಿಸಿ ಕ್ಲಾಂಪ್ ಮೀಟರ್ ಇದೆಯಂತೆ, ಮೋಟರ್ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತಲೂ ಅಳೆಯುತ್ತೇನೆ ಅಂದಿದ್ದಾರೆ. ಎಷ್ಟು ಇರಬೇಕು?

ಫ್ಯೂಸ್‌ಬಾಕ್ಸ್

ಅದು ಗಾಡಿಯಿಂದ ಗಾಡಿಗೆ ಬೇರೆ. ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕದಲ್ಲಿ ಎರಡೂ ಸ್ಪೀಡಿಗೆ ಇರುತ್ತದೆ, ಮೆಕ್ಯಾನಿಕ್‌ಗೆ ಅದನ್ನು ತೆರೆದು ನೋಡಲು ಹೇಳಿ. ಶುರುವಾಗುವ ಕ್ಷಣದ ನೆಗೆತ ಲೆಕ್ಕಕ್ಕೆ ಬೇಡ. ಸ್ವಲ್ಪ ಹೊತ್ತು ತಿರುಗಿದ ಮೇಲೆ ಮೀಟರ್ ಎಲ್ಲಿ ನಿಲ್ಲುತ್ತದೆ ಅದನ್ನು ಹಾಕಿ. ಅದು ಪುಸ್ತಕದ ಅಂಕಿಗಿಂತ ಮೇಲಿದ್ದರೆ ಮೋಟರ್ ಬದಲಾಯಿಸಿ.